ತೀರ್ಪಿನಲ್ಲಿ ಬರೆಯದ ಶಿಕ್ಷೆ

ನಾನು ವೈದ್ಯನಲ್ಲ, ಹಳೆಯ ದಾಖಲೆಗಳನ್ನು ಓದುವ ಚಟವುಳ್ಳವನು. ಆ ಓದಿನಲ್ಲಿ ನನ್ನನ್ನು ಬಹುಕಾಲ ಕಾಡಿದ ಒಂದು ಸಂಗತಿಯನ್ನು ಇಂದು ತಮ್ಮ ಮುಂದಿಡುತ್ತೇನೆ.

ಲಂಡನ್ನಿನಲ್ಲಿ, ಥೇಮ್ಸ್ ನದಿಯ ದಂಡೆಯ ಮೇಲೆ, ಈಗ ಟೇಟ್ ಚಿತ್ರಶಾಲೆ ಇರುವ ಸ್ಥಳದಲ್ಲಿ ಹಿಂದೆ ಮಿಲ್‌ಬ್ಯಾಂಕ್ ಎಂಬ ಸೆರೆಮನೆಯಿತ್ತು. ಕೈದಿಗಳನ್ನು ತಿದ್ದಬೇಕೆಂಬ ಸದಾಶಯದಿಂದಲೇ 1816ರಲ್ಲಿ ಅದರ ಬಾಗಿಲು ತೆರೆಯಿತು. ಅಲ್ಲಿಯ ವೈದ್ಯನಾಗಿದ್ದ ವಿಲಿಯಂ ಬಾಲಿ ಎಂಬಾತ ಬಂದೀಖಾನೆಯ ಸಾವುಗಳ ಲೆಕ್ಕವನ್ನು ಹಿಡಿದು ಕುಳಿತ. 1845ರಲ್ಲಿ ಅವನು ಪ್ರಕಟಿಸಿದ ಪ್ರಬಂಧದ ತಾತ್ಪರ್ಯ ಇಷ್ಟು: ಗೋಡೆಯ ಹೊರಗಿನವರಿಗಿಂತ ಒಳಗಿನವರು ಹೆಚ್ಚಾಗಿ ಸಾಯುತ್ತಾರೆ; ಅದಕ್ಕೆ ಮುಖ್ಯ ಕಾರಣ ಕ್ಷಯ. ಕೆಟ್ಟ ಗಾಳಿ, ಚಳಿ, ಮೈಗೆ ಚಲನೆಯಿಲ್ಲದಿರುವುದು, ಮನಸ್ಸಿನ ಕುಗ್ಗು, ಇವುಗಳತ್ತ ಅವನು ಬೊಟ್ಟುಮಾಡಿದ. ರೋಗಾಣುವಿನ ಸುಳಿವೇ ಇಲ್ಲದ ಕಾಲದಲ್ಲಿ ಅವನಿಗೆ ಕಂಡದ್ದು ಅಷ್ಟು.

ಆ ರೋಗಾಣುವನ್ನು ರಾಬರ್ಟ್ ಕೋಖ್ ಜಗತ್ತಿಗೆ ತಿಳಿಸಿದ್ದು 1882ರ ಮಾರ್ಚ್ 24ರಂದು, ಬರ್ಲಿನ್ನಿನಲ್ಲಿ. 1907ರಲ್ಲಿ ವಿಯೆನ್ನಾದ ಪಿರ್ಕೆ ಎಂಬ ವೈದ್ಯ ಚರ್ಮದ ಮೇಲೆ ಗೀರಿ ಮಾಡುವ ಪರೀಕ್ಷೆಯೊಂದನ್ನು ತಂದಾಗ, ಆರೋಗ್ಯವಂತರಂತೆ ಕಾಣುವ ಮಕ್ಕಳಲ್ಲಿಯೂ ಸೋಂಕು ಅಡಗಿರುವುದು ಗೊತ್ತಾಯಿತು. ಇದೇ ಸುಪ್ತ ಕ್ಷಯ. ಮಲಗಿರುವ ಈ ಸೋಂಕು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಸೋಂಕು ತಗುಲಿದ ನೂರು ಜನರಲ್ಲಿ ಐದರಿಂದ ಹತ್ತು ಮಂದಿಗೆ ಮಾತ್ರ ಅದು ಎಂದಾದರೊಂದು ದಿನ ರೋಗವಾಗಿ ಎಚ್ಚರಗೊಳ್ಳುತ್ತದೆ. ಹಸಿವು, ನಿಶ್ಶಕ್ತಿಗಳು ಅದನ್ನು ಎಬ್ಬಿಸುತ್ತವೆ. ಹಾಗೆ ಎಚ್ಚರಗೊಂಡ ಒಬ್ಬನ ಕೆಮ್ಮು, ಗಾಳಿಯಾಡದ ಕೋಣೆಯಲ್ಲಿ, ಪಕ್ಕದವರೆಲ್ಲರ ಶ್ವಾಸಕೋಶಗಳಲ್ಲಿ ಹೊಸ ನಿದ್ರೆಯ ಬೀಜಗಳನ್ನು ಬಿತ್ತುತ್ತದೆ. ಸೋವಿಯತ್ ಒಕ್ಕೂಟ ಒಡೆದ ಮೇಲೆ, 1990ರ ದಶಕದ ಕೊನೆಯಲ್ಲಿ, ರಷ್ಯದ ಕಿಕ್ಕಿರಿದ ಸೆರೆಮನೆಗಳಲ್ಲಿದ್ದ ಸುಮಾರು ಹತ್ತು ಲಕ್ಷ ಜನರಲ್ಲಿ ಹತ್ತಕ್ಕೊಬ್ಬನಿಗೆ ಕ್ಷಯವಿತ್ತು. ಔಷಧಿ ಬಂದು ಐವತ್ತು ವರ್ಷಗಳಾಗಿದ್ದವು.

ನಮ್ಮಲ್ಲಿಯ ಒಂದು ಮಾತು. 1959ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ವಿಚಾರಿಸಿದಾಗ, 1963ರ ವರದಿಯಂತೆ, ಕ್ಷಯರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತಾವಾಗಿಯೇ ಆಸ್ಪತ್ರೆಗೆ ಹೋಗಿದ್ದರು. ಕೆಮ್ಮಿನ ಔಷಧಿಯ ಸೀಸೆ ಹಿಡಿದು ಮರಳಿದ್ದರು. ರೋಗಿ ಅಜ್ಞಾನಿಯಾಗಿರಲಿಲ್ಲ; ಕೇಳುವ ಕಿವಿಯಿರಲಿಲ್ಲ. ಆ ರೈತನಿಗೆ ನಡೆದುಹೋಗಲು ದಾರಿಯಾದರೂ ಇತ್ತು. ಕೈದಿಯ ದಾರಿಯ ಬೀಗದ ಕೈ ಇನ್ನೊಬ್ಬನಲ್ಲಿದೆ.

2022ರ ಕೊನೆಗೆ ಭಾರತದ ಸೆರೆಮನೆಗಳಲ್ಲಿದ್ದ ನಾಲ್ವರಲ್ಲಿ ಮೂವರು ವಿಚಾರಣಾಧೀನರು, ಎಂದರೆ ಅಪರಾಧ ಇನ್ನೂ ಸಿದ್ಧವಾಗದವರು. ಅವರಲ್ಲೊಬ್ಬ ನಾಳೆ ನಿರ್ದೋಷಿಯೆಂದು ಮನೆಗೆ ಮರಳಬಹುದು; ಎದೆಯೊಳಗಿನ ಸೋಂಕಿಗೆ ಬಿಡುಗಡೆಯ ಆದೇಶವಿಲ್ಲ. ಯಾವ ನ್ಯಾಯಾಧೀಶನೂ ಕ್ಷಯವನ್ನು ಶಿಕ್ಷೆಯಾಗಿ ಬರೆದಿಲ್ಲ. ಬರೆಯದ ಆ ಶಿಕ್ಷೆಯನ್ನು ತಡೆಯಲು ಬೇಕಾದದ್ದು ಒಂದು ಕಿಟಕಿ, ಒಂದು ಪರೀಕ್ಷೆ, ತಪ್ಪದೆ ಕೊಡುವ ಮಾತ್ರೆ. ಕಿಟಕಿಯ ಮಾತನ್ನು ಬಾಲಿ 1845ರಲ್ಲೇ ಎತ್ತಿದ್ದ.