ಖಾನೇಷುಮಾರಿಯೂ ಒಡನಾಟವೂ

ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರದ ಗ್ರಂಥಪಾಲಕರಾಗಿದ್ದ ರುದ್ರಪಟ್ಟಣದ ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು 1909ರಲ್ಲಿ ಅಚ್ಚು ಹಾಕಿಸಿ ಲೋಕಕ್ಕೆ ಒಪ್ಪಿಸಿದರು. ರಾಜನೀತಿಯ ವಿಚಾರವಾಗಿ ಆ ಗ್ರಂಥವನ್ನು ಕುರಿತು ನಡೆದಿರುವ ಚರ್ಚೆಗೆ ಮಿತಿಯಿಲ್ಲ. ಅದರ ಎರಡನೆಯ ಅಧಿಕರಣದಲ್ಲಿ ಬರುವ ಸಮಾಹರ್ತನ ಪ್ರಕರಣವಾದರೋ ಅಷ್ಟಾಗಿ ಜನರ ಕಣ್ಣಿಗೆ ಬಿದ್ದಂತಿಲ್ಲ. ಐದು ಅಥವಾ ಹತ್ತು ಗ್ರಾಮಗಳಿಗೆ ಗೋಪನೆಂಬ ಲೆಕ್ಕಿಗನೊಬ್ಬನಿದ್ದು, ಮನೆಗಳೆಷ್ಟು, ಉಳುವವರು, ದನಗಾಹಿಗಳು, ವರ್ತಕರು, ಕುಶಲಕರ್ಮಿಗಳು ಎಷ್ಟೆಷ್ಟು ಮಂದಿ, ಒಂದೊಂದು ಕುಟುಂಬದ ಆಯವ್ಯಯವೇನು ಎಂಬುದನ್ನೆಲ್ಲ ಬರೆದಿಡತಕ್ಕದ್ದು. ಕೌಟಿಲ್ಯನಿಗೆ ಇಷ್ಟರಿಂದ ತೃಪ್ತಿಯಾಗಲಿಲ್ಲ. ಗೃಹಸ್ಥರ ವೇಷ ತೊಟ್ಟ ಬೇರೆ ಜನರನ್ನು ಅದೇ ಹಳ್ಳಿಗಳಿಗೆ ಕಳುಹಿಸಿ ಗೋಪನ ಲೆಕ್ಕವನ್ನು ಪರೀಕ್ಷಿಸಬೇಕು; ಊರಿಗೆ ಬಂದವರು ಏಕೆ ಬಂದರು, ಬಿಟ್ಟುಹೋದವರು ಏಕೆ ಹೋದರು ಎಂಬುದನ್ನೂ ಅವರ ಮೂಲಕ ತಿಳಿಯಬೇಕು ಎಂದು ಆತನು ವಿಧಿಸಿರುವನು. ಎಷ್ಟು ಎಂಬ ಪ್ರಶ್ನೆ ಗೋಪನದು, ಏಕೆ ಎಂಬ ಪ್ರಶ್ನೆ ಗೃಹಸ್ಥವೇಷಧಾರಿಯದು. ಎರಡನೆಯವನು ಗೂಢಚಾರನಾದುದರಿಂದ ಅವನ ಕೆಲಸವನ್ನು ಶ್ಲಾಘಿಸಬೇಕಾಗಿಲ್ಲ. ಆದರೆ ಜಗುಲಿಯಲ್ಲಿ ಕುಳಿತು ಮಾತಾಡಿದವನಿಗೆ ಮಾತ್ರ ತಿಳಿಯುವ ಸಂಗತಿಗಳುಂಟೆಂಬ ಗ್ರಹಿಕೆಯನ್ನು ಮೆಚ್ಚಲೇಬೇಕು.

ಈಗಿನ ಸಮಾಜಶಾಸ್ತ್ರಜ್ಞರು ಈ ಎರಡು ಬಗೆಯ ಶೋಧನೆಗಳನ್ನು ಪರಿಮಾಣಾತ್ಮಕ, ಗುಣಾತ್ಮಕ ಎಂದು ಕರೆಯುವರು. ತರ್ಕಸಂಗ್ರಹವನ್ನು ಓದಿದವರಿಗೆ ಈ ವಿಭಾಗವು ಸ್ವಲ್ಪ ನಗೆ ತರಿಸಬಹುದು. ಅಲ್ಲಿ ಹೇಳಿರುವ ಇಪ್ಪತ್ತನಾಲ್ಕು ಗುಣಗಳಲ್ಲಿ ಸಂಖ್ಯೆಯೂ ಒಂದು, ಪರಿಮಾಣವೂ ಒಂದು! ಹೆಸರಿನ ಮಾತು ಹಾಗಿರಲಿ. ಎರಡು ಪಕ್ಷದವರೂ ಒಬ್ಬರನ್ನೊಬ್ಬರು ಹಳಿಯುತ್ತ ಬಂದಿರುವರು. ಒಬ್ಬರ ಶೋಧನೆ ಕಥೆಯಂತೆ, ಮತ್ತೊಬ್ಬರದು ಒಣ ಅಂಕಿಯಂತೆ. ಕನ್ನಡ ನಾಡಿನಲ್ಲೇ ನಡೆದ ಕೆಲಸವನ್ನು ನೋಡಿದರೆ, ಒಂದರ ದೋಷವು ಬೆಳಕಿಗೆ ಬರುವುದು ಮತ್ತೊಂದರ ಸಹಾಯದಿಂದಲೇ ಎಂದು ಕಾಣುವುದು.

ಮೊದಲು ಎಣಿಕೆಯನ್ನು ನೋಡೋಣ. ಖಾನೆಯೆಂದರೆ ಮನೆ, ಶುಮಾರಿಯೆಂದರೆ ಎಣಿಕೆ; ಮೈಸೂರು ಸಂಸ್ಥಾನದಲ್ಲಿ ಜನಗಣತಿಗೆ ಖಾನೇಷುಮಾರಿಯೆಂದೇ ಹೆಸರು. 1871ರ ಗಣತಿಯಲ್ಲಿ ಸಂಸ್ಥಾನದ ಜನ 50,55,412. ಹತ್ತು ವರ್ಷಗಳ ಮೇಲೆ 1881ರಲ್ಲಿ ಎಣಿಸಿದಾಗ 41,86,188. ನಡುವೆ ಬಂದುದು 1876ರಿಂದ 1878ರವರೆಗಿನ ಮಹಾಕ್ಷಾಮ. ನೂರಕ್ಕೆ ಹದಿನೇಳಕ್ಕೂ ಮಿಕ್ಕ ಜನ ಕಡಮೆಯಾದರೆಂಬುದನ್ನು ಯಾವ ವೃದ್ಧನ ನೆನಪೂ ಇಷ್ಟು ಖಚಿತವಾಗಿ ಹೇಳಲಾರದು. ತನ್ನ ಊರು ಬರಿದಾದುದನ್ನು ಅವನು ಬಲ್ಲನು, ನಾಡು ಬರಿದಾದುದನ್ನು ಅರಿಯನು. ಹಾಗೆಂದು ಆ 8,69,224ನ್ನು ಸತ್ತವರ ಸಂಖ್ಯೆಯೆಂದು ಓದುವುದೂ ತಪ್ಪು. ಕ್ಷಾಮದಲ್ಲಿ ಹುಟ್ಟದೆ ಹೋದ ಕೂಸುಗಳುಂಟು, ಗಡಿ ದಾಟಿ ಹೋದವರುಂಟು; ಕ್ಷಾಮಕ್ಕೆ ಮೊದಲು ಮತ್ತು ತರುವಾಯ ಬೆಳೆದ ಸಂತತಿಯೂ ಉಂಟು. ಕಳೆಯುವ ಲೆಕ್ಕವು ಇವೆಲ್ಲವನ್ನೂ ಒಂದೇ ಅಂಕಿಯಲ್ಲಿ ಅಡಗಿಸಿಬಿಡುತ್ತದೆ.

ಎಚ್. ವಿ. ನಂಜುಂಡಯ್ಯನವರು ಆರಂಭಿಸಿ ಎಲ್. ಕೆ. ಅನಂತಕೃಷ್ಣ ಅಯ್ಯರ್ ಅವರು ಮುಂದುವರಿಸಿದ ಮೈಸೂರಿನ ಜಾತಿಬುಡಕಟ್ಟುಗಳ ಸಂಪುಟಗಳು ಆಚಾರವ್ಯವಹಾರಗಳ ಕಣಜಗಳೇ ಸರಿ. ಆದರೆ ಅಲ್ಲಿ ಜಾತಿಗೊಂದು ಪ್ರಕರಣವುಂಟೇ ಹೊರತು, ಒಂದೇ ಊರಿನಲ್ಲಿ ಹಲವು ಜಾತಿಗಳು ಕೂಡಿ ಬಾಳುವ ಪರಿ ಕಾಣುವುದಿಲ್ಲ. ಆ ಕೊರತೆಯನ್ನು ನೀಗಿದವರು ಮೈಸೂರಿನಲ್ಲಿ 1916ರಲ್ಲಿ ಜನಿಸಿದ ಎಂ. ಎನ್. ಶ್ರೀನಿವಾಸರು. ಇವರು 1948ರಲ್ಲಿ ಮೈಸೂರಿಗೆ ಸಮೀಪದ ಒಂದು ಹಳ್ಳಿಯಲ್ಲಿ ತಿಂಗಳುಗಟ್ಟಲೆ ನೆಲೆಸಿ, ತಮ್ಮ ಬರಹದಲ್ಲಿ ಅದಕ್ಕೆ ರಾಂಪುರವೆಂಬ ಹೆಸರಿಟ್ಟರು. ಗ್ರಂಥದಲ್ಲಿ ಕಾಣುವ ಸಮಾಜ ಬೇರೆ, ಕ್ಷೇತ್ರದಲ್ಲಿ ಕಾಣುವ ಸಮಾಜ ಬೇರೆ ಎಂಬುದು ಇವರ ಮುಖ್ಯವಾದ ಮಾತು. ಧರ್ಮಶಾಸ್ತ್ರಗಳನ್ನು ಓದಿ ಬೆಳೆದವರಿಗೆ ಇದು ಕಹಿಯೆನಿಸಬಹುದು. ಆದರೂ ನಾಲ್ಕು ವರ್ಣಗಳ ಚೌಕಟ್ಟಿನಿಂದ ಒಂದು ಹಳ್ಳಿಯ ಜಾತಿಗಳ ಏರಿಳಿತ ತಿಳಿಯದೆಂಬುದನ್ನು ಒಪ್ಪದೆ ಗತಿಯಿಲ್ಲ. ಪ್ರಬಲ ಜಾತಿ ಎಂಬ ಇವರ ಕಲ್ಪನೆಯಲ್ಲಿ ಭೂಮಿಯ ಒಡೆತನದೊಡನೆ ತಲೆಯೆಣಿಕೆಗೂ ಸ್ಥಾನವುಂಟು. ಒಡನಾಟದ ಆಚಾರ್ಯರೇ ಸಂಖ್ಯೆಯನ್ನು ಬಿಟ್ಟಿಲ್ಲವೆಂಬುದು ಗಮನಾರ್ಹ.

ಎರಡು ಮಾರ್ಗಗಳನ್ನೂ ಒಂದೇ ಕೈಯಲ್ಲಿ ಹಿಡಿದವರನ್ನು ಕಾಣಬೇಕಾದರೆ ಮಂಡ್ಯದ ಸೀಮೆಗೆ ಹೋಗಬೇಕು. ವಿಯೆನ್ನಾ ನಗರದಲ್ಲಿ ಹುಟ್ಟಿ, ನಾಜಿಗಳ ಕಾಟದಿಂದ ಇಂಗ್ಲೆಂಡಿಗೆ ಬಂದು, ಅರ್ಥಶಾಸ್ತ್ರವನ್ನೂ ಮಾನವಶಾಸ್ತ್ರವನ್ನೂ ಕಲಿತ ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ವಿದುಷಿಯು 1954ರಿಂದ 1956ರವರೆಗೆ ಅಲ್ಲಿ ಎರಡು ಹಳ್ಳಿಗಳನ್ನು ಪರಿಶೀಲಿಸಿದರು. ವಾಂಗಳ, ದಲೇನ ಎಂಬುವು ಆಕೆ ಕೊಟ್ಟ ಕಲ್ಪಿತನಾಮಗಳು. ಮೊದಲನೆಯದಕ್ಕೆ ವಿಶ್ವೇಶ್ವರಯ್ಯ ನಾಲೆಯ ನೀರು ಬಂದಿತು; ಎರಡನೆಯದರ ಹೊಲಗಳು ಎತ್ತರದಲ್ಲಿದ್ದುದರಿಂದ ನೀರು ಏರಲಿಲ್ಲ. ನೀರು ಬಂದ ಊರು ಬದಲಾಗುವುದು, ಬಾರದ ಊರು ಹಳೆಯ ಹಾದಿಯಲ್ಲೇ ಉಳಿಯುವುದು ಎಂದು ಯಾರಾದರೂ ಊಹಿಸಿಯಾರು. ಆಕೆ ಮನೆಮನೆಯ ಆಯವ್ಯಯವನ್ನು ಬರೆದುಕೊಂಡು ನೋಡಿದಾಗ ಕಂಡುದು ಇದರ ವಿಪರ್ಯಾಸ. ದಲೇನದ ಗಂಡಸರು ಮಂಡ್ಯದ ನೌಕರಿ, ವ್ಯಾಪಾರ, ಹೊರಗಿನ ಜಮೀನು ಎಂದು ನಾಲ್ಕು ದಿಕ್ಕಿಗೂ ಕೈಚಾಚಿದ್ದರು. ಅಂಕಿಗಳು ಇಷ್ಟನ್ನು ಹೇಳಿ ಸುಮ್ಮನಾದುವು. ವಾಂಗಳದ ಒಕ್ಕಲಿಗನಿಗೂ ಅವನ ಹೊಲದ ಆದಿಕರ್ನಾಟಕ ಆಳಿಗೂ ತಲೆಮಾರುಗಳಿಂದ ಬಂದ ಧಾನ್ಯಕೂಲಿಯ ನಂಟು, ಕಬ್ಬಿನ ಹಣ ಬಂದಮೇಲೂ ಏಕೆ ಸಡಿಲಲಿಲ್ಲ, ದಲೇನದಲ್ಲಿ ಏಕೆ ಕಳಚಿತು ಎಂಬುದನ್ನು ಅರಿಯಲು ಆ ಜನರ ನಡುವೆ ಇರಬೇಕಾಯಿತು. ಆಕೆಯ ಗ್ರಂಥವು 1962ರಲ್ಲಿ ಹೊರಬಂದಿತು. 1970ರಲ್ಲಿ ಆಕೆ ಅದೇ ಊರುಗಳಿಗೆ ಮತ್ತೆ ಬಂದು ಹಳೆಯ ನಿರ್ಣಯಗಳನ್ನು ಒರೆಗೆ ಹಚ್ಚಿದರು.

ಅದೇ 1970ರ ಏಪ್ರಿಲ್ 24ರಂದು ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಶ್ರೀನಿವಾಸರ ಕೊಠಡಿಗೆ ಕಿಡಿಗೇಡಿಗಳು ಇಟ್ಟ ಬೆಂಕಿ ತಗುಲಿ, ವರ್ಷಗಟ್ಟಲೆ ಪರಿಷ್ಕರಿಸಿದ ರಾಂಪುರದ ಟಿಪ್ಪಣಿಗಳ ಮೂರು ಪ್ರತಿಗಳೂ ಸುಟ್ಟುಹೋದುವು. ಮೂಲ ದಿನಚರಿಗಳು ದೆಹಲಿಯಲ್ಲಿ ಉಳಿದಿದ್ದುವು. ಆದರೂ ಅವರು ನೆನಪನ್ನೇ ಮುಖ್ಯ ಆಧಾರವಾಗಿ ಹಿಡಿದು ಬರೆದುದು 1976ರಲ್ಲಿ ಪ್ರಕಟವಾದ 'ನೆನಪಿನ ಹಳ್ಳಿ'. ಕೋಷ್ಟಕಗಳು ಸುಟ್ಟರೆ ಯಾರೂ ನೆನಪಿನಿಂದ ತಿರುಗಿ ಬರೆಯಲಾರರು. ಪಟೇಲನ ಗತ್ತು, ಕುಳ್ಳೇಗೌಡನ ಚಾತುರ್ಯ ಇವು ಬೆಂಕಿಗೆ ಸಿಕ್ಕುವ ವಸ್ತುಗಳಲ್ಲ. ಆದರೆ ನೆನಪಿಗೆ ಪಕ್ಷಪಾತವುಂಟು. ಬ್ರಾಹ್ಮಣರಾಗಿ, ಪಟೇಲನ ಆಶ್ರಯದಲ್ಲಿದ್ದ ತಮಗೆ ಹರಿಜನರ ಕೇರಿಯ ಬಾಳು ಅಷ್ಟಾಗಿ ತಿಳಿಯಲಿಲ್ಲವೆಂದು ಅವರೇ ಒಪ್ಪಿಕೊಂಡಿರುವರು. ಕೇರಿಗೂ ಅಗ್ರಹಾರಕ್ಕೂ ಭೇದವೆಣಿಸದೆ ಪ್ರತಿ ಬಾಗಿಲನ್ನೂ ತಟ್ಟುವುದು ಖಾನೇಷುಮಾರಿಯ ದೊಡ್ಡ ಗುಣ.

ಈ ಎರಡು ಮಾರ್ಗಗಳು ಬೆಂಗಳೂರಿನಲ್ಲಿ ಒಂದೇ ಸೂರಿನಡಿ ಕೂಡಿದುದು 1972ರಲ್ಲಿ. ದೇಶದ ವರಮಾನವನ್ನು ಅಂಕಿಗಳಲ್ಲಿ ಅಳೆದು 1939, 1940ರಲ್ಲಿ ಗ್ರಂಥಗಳನ್ನು ಪ್ರಕಟಿಸಿದ ವಿ. ಕೆ. ಆರ್. ವಿ. ರಾಯರು ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಸಂಸ್ಥೆಯನ್ನು ಸ್ಥಾಪಿಸಿ, ಶ್ರೀನಿವಾಸರನ್ನು ಜಂಟಿ ನಿರ್ದೇಶಕರಾಗಿ ಬರಮಾಡಿಕೊಂಡರು. ಮುಂದೆ ಈ ಸಂಸ್ಥೆ ನಾಗರಭಾವಿಯಲ್ಲಿ ನೆಲೆಗೊಂಡಿತು. ಹಿಂದೆ 1959ರಲ್ಲಿ ಶ್ರೀನಿವಾಸರನ್ನು ದೆಹಲಿಗೆ ಕರೆಸಿಕೊಂಡವರೂ ಆಗ ಅಲ್ಲಿ ಉಪಕುಲಪತಿಗಳಾಗಿದ್ದ ಈ ರಾಯರೇ. ಎಣಿಕೆಯ ಪಂಡಿತರು ಒಡನಾಟದ ಪಂಡಿತರನ್ನು ಎರಡು ಸಲ ಅರಸಿ ಕರೆದಂತಾಯಿತು.

ರಾಜ್ಯದ ಹಿಂದುಳಿದ ವರ್ಗಗಳ ಆಯೋಗವು 2025ರ ಸೆಪ್ಟೆಂಬರ್ 22ರಂದು ಆರಂಭಿಸಿದ ಸಮೀಕ್ಷೆಯಲ್ಲಿ ಅರವತ್ತು ಪ್ರಶ್ನೆಗಳನ್ನು ಹೊತ್ತು ಮನೆಮನೆ ತಿರುಗಿದವರಲ್ಲಿ ಬಹುಮಂದಿ ಶಾಲೆಯ ಉಪಾಧ್ಯಾಯರು. ಉತ್ತರ ಕೊಡುವುದು ಜನರ ಇಚ್ಛೆಗೆ ಬಿಟ್ಟುದೆಂದು ಉಚ್ಚ ನ್ಯಾಯಾಲಯವು ಹೇಳಿತು. ಬೆಂಗಳೂರಿನಲ್ಲಿ ಉತ್ತರ ಕೊಡಲೊಪ್ಪದ ಮನೆಗಳೂ ಇದ್ದುವು. ಈ ನಗರದ ದಕ್ಷಿಣಭಾಗದಲ್ಲಿ ಯಡಿಯೂರು, ಬೈರಸಂದ್ರಗಳು ಜಯನಗರದೊಳಗೂ, ಸಾರಕ್ಕಿಯು ಜೆ. ಪಿ. ನಗರದೊಳಗೂ, ಕದಿರೇನಹಳ್ಳಿಯು ಬನಶಂಕರಿಯೊಳಗೂ, ತಾವರೆಕೆರೆಯು ಬಿ. ಟಿ. ಎಂ. ಬಡಾವಣೆಯೊಳಗೂ ಸೇರಿಹೋಗಿರುವುವು. ಒಂದೇ ಬೀದಿಯಲ್ಲಿ ಹಳೆಯ ಊರಿನ ಮನೆತನವುಂಟು, ಉದ್ಯೋಗವನ್ನರಸಿ ಪರಪ್ರಾಂತದಿಂದ ಬಂದ ಸಂಸಾರವುಂಟು. ಬಾಗಿಲು ತೆರೆಯದವರಲ್ಲಿ ಒಬ್ಬರು ಜಾತಿಯನ್ನು ಹೇಳಲು ಅಂಜಿರಬಹುದು, ಒಬ್ಬರು ಹೇಳಲು ನಾಚಿರಬಹುದು, ಅಂತರ್ಜಾತಿಯ ವಿವಾಹವಾದ ಇನ್ನೊಬ್ಬರಿಗೆ ಏನು ಹೇಳಬೇಕೆಂಬುದೇ ತೋರದಿರಬಹುದು, ಮತ್ತೊಬ್ಬರಿಗೆ ಕೆಲಸಕ್ಕೆ ಹೊತ್ತಾಗಿದ್ದಿರಬಹುದು. ಲೆಕ್ಕದ ಪಟ್ಟಿಯಲ್ಲಿ ಇವರೆಲ್ಲರೂ ಒಂದೇ ಸಾಲಿಗೆ ಸೇರುವರು. ಈ ಬೀದಿಗಳಲ್ಲಿ ಒಂದೆರಡನ್ನು ಆರಿಸಿ, ಗಣಕರು ಹೋದ ಮನೆಗಳಿಗೇ ವರ್ಷಕಾಲ ಹೋಗಿ ಬಂದು ಮಾತಾಡಬಲ್ಲ ತರುಣ ವಿದ್ಯಾರ್ಥಿಗಳು ಬೆಂಗಳೂರಿನ ಕಾಲೇಜುಗಳಲ್ಲಿ ಇಲ್ಲದೆ ಇಲ್ಲ.