ವಾಕರನ ಕಸುಬು

ವಾಚಕರೇ, ಇಂಗ್ಲಿಷಿನ ‘ವಾಕ್’ ಎಂಬ ಮಾತಿಗೆ ಅರ್ಥವೇನೆಂದು ನಿಮ್ಮ ಮನೆಯ ಮಗುವನ್ನು ಕೇಳಿ ನೋಡಿ. ‘ನಡೆ’ ಎಂದು ಥಟ್ಟನೆ ಹೇಳೀತು. ನಾನೂ ಬಹುಕಾಲ ಅಷ್ಟಕ್ಕೇ ತೃಪ್ತನಾಗಿದ್ದವನು. ಪಂಡಿತ ಪರೀಕ್ಷೆಗೆ ಓದಿದವನಾದ್ದರಿಂದ ಧಾತು, ಪ್ರತ್ಯಯ, ತತ್ಸಮ, ತದ್ಭವಗಳ ವಿಚಾರವೆಂದರೆ ನನಗೆ ಹಬ್ಬದೂಟ. ಆದರೆ ಆ ವಿಚಾರವೆಲ್ಲ ಕನ್ನಡ ಸಂಸ್ಕೃತಗಳಿಗೆ ಮೀಸಲು, ಇಂಗ್ಲಿಷಿನ ಇಷ್ಟು ಪುಟ್ಟ ಮಾತಿಗೆ ಚರಿತ್ರೆ ಎಲ್ಲಿಂದ ಬರಬೇಕು ಎಂಬ ಉದಾಸೀನವಿತ್ತು. ಆ ಉದಾಸೀನವನ್ನು ಬಿಡಿಸಿದವನು ಒಬ್ಬ ಹುಡುಗ.

ಇಂಗ್ಲಿಷ್ ಉಪಾಧ್ಯಾಯರು ರಜೆಯ ಮೇಲಿದ್ದ ಒಂದು ದಿನ ಒಂಬತ್ತನೆಯ ತರಗತಿ ನನ್ನ ಪಾಲಿಗೆ ಬಂತು. ಹೊತ್ತು ಹೋಗಲೆಂದು ಇಂಗ್ಲಿಷರ ಮನೆತನದ ಹೆಸರುಗಳ ವಿಷಯ ತೆಗೆದೆ. ನಮ್ಮ ಉತ್ತರದ ಜಿಲ್ಲೆಗಳಲ್ಲಿ ಬಡಿಗೇರ, ಪತ್ತಾರ, ಗಾಣಿಗೇರ ಎಂದು ಕಸುಬಿನಿಂದ ಹೆಸರು ಬಂದಿರುವಂತೆ ಅವರಲ್ಲಿಯೂ ಉಂಟು. ಸ್ಮಿತ್ ಎಂದರೆ ಕಮ್ಮಾರ, ಟೇಲರ್ ಎಂದರೆ ದರ್ಜಿ, ಪಾಟರ್ ಎಂದರೆ ಕುಂಬಾರ ಎಂದೆ. ಹಿಂದಿನ ಸಾಲಿನಿಂದ ಒಬ್ಬ ಎದ್ದುನಿಂತು, “ಹಾಗಾದರೆ ವಾಕರ್ ಏನು ಕೆಲಸ ಮಾಡ್ತಿದ್ದ, ಸಾರ್?” ಎಂದು ಕೇಳಿದ. “ನಡೆಯೋದೇ ಅವನ ಕೆಲಸ ಕಣಯ್ಯ, ನಿನ್ನ ಹಾಗೆ ಊರು ಸುತ್ತುತ್ತಿದ್ದ” ಎಂದುಬಿಟ್ಟೆ. ತರಗತಿಯೆಲ್ಲ ನಕ್ಕಿತು. ಹುಡುಗ ತಲೆ ತಗ್ಗಿಸಿ ಕುಳಿತ. ಸಂಜೆ ಮನೆಗೆ ಹೋಗುವಾಗ ನನಗೆ ಸಮಾಧಾನವಿರಲಿಲ್ಲ. ಪ್ರಶ್ನೆ ಸರಿಯಾಗಿತ್ತು, ಉತ್ತರ ಗೊತ್ತಿಲ್ಲದ್ದು ನನಗೆ. ಮರುದಿನ ಪುಸ್ತಕಭಂಡಾರಕ್ಕೆ ಹೋಗಿ ದೊಡ್ಡ ಕೋಶವನ್ನು ತೆಗೆದು ಕುಳಿತೆ. ಅಲ್ಲಿ ಕಂಡದ್ದನ್ನೂ, ಅದರ ಜಾಡು ಹಿಡಿದು ಆಮೇಲೆ ಓದಿ ತಿಳಿದದ್ದನ್ನೂ ತಮ್ಮ ಮುಂದಿಡುತ್ತೇನೆ.

ವಾಕರ್ ಎಂಬುವನು ಊರು ಸುತ್ತುವವನಲ್ಲ. ನಿಂತಲ್ಲೇ ನಡೆಯುವವನು! ಮಗ್ಗದಿಂದ ಇಳಿದ ಉಣ್ಣೆಯ ಬಟ್ಟೆಯನ್ನು ತೊಟ್ಟಿಯಲ್ಲಿ ಹಾಕಿ ಕಾಲಿನಿಂದ ತುಳಿದು ಹದಮಾಡುವುದು ಅವನ ಕಸುಬು. ಹತ್ತಿಯ ಬಟ್ಟೆ ನೆಯ್ದರೆ ಬಹುಮಟ್ಟಿಗೆ ಉಡಲು ಬಂದೀತು. ಉಣ್ಣೆಯದು ಹಾಗಲ್ಲ. ಅದು ಮಗ್ಗದಿಂದ ಬರುವಾಗ ಜಿಡ್ಡುಜಿಡ್ಡಾಗಿ, ಜಾಳುಜಾಳಾಗಿ ಇರುತ್ತದೆ. ಉಣ್ಣೆಯ ಎಳೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಹುರುಪೆಗಳಿವೆ. ಒದ್ದೆಯಲ್ಲಿ, ಬಿಸಿಯಲ್ಲಿ ತುಳಿತ ಬಿದ್ದಂತೆಲ್ಲ ಅವು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಬಟ್ಟೆ ಕುಗ್ಗಿ ದಪ್ಪವಾಗಿ ಗಾಳಿಮಳೆಗಳನ್ನು ತಡೆಯುವಂತಾಗುತ್ತದೆ. ಜಿಡ್ಡು ತೆಗೆಯಲು ಒಂದು ಬಗೆಯ ಜೇಡಿಮಣ್ಣನ್ನೂ, ಹೇಳಲು ಸಂಕೋಚವಾದರೂ ಹೇಳಬೇಕು, ಹಳಸಿದ ಮೂತ್ರವನ್ನೂ ಹಾಕುತ್ತಿದ್ದರು. ರೋಮನರಲ್ಲಿಯೂ ಈ ಕಸುಬು ಹೀಗೆಯೇ ಇತ್ತು. ಕ್ರಿ.ಶ. 79ರಲ್ಲಿ ಜ್ವಾಲಾಮುಖಿಯ ಬೂದಿಯಡಿ ಹೂತುಹೋದ ಪಾಂಪೆ ನಗರದಲ್ಲಿ ಇಂಥ ತುಳಿಯುವ ತೊಟ್ಟಿಗಳಿದ್ದ ಕಾರ್ಖಾನೆಯನ್ನು ಅಗೆದು ತೆಗೆದಿದ್ದಾರೆ. ಆ ನಾತದ ನೀರಿನಲ್ಲಿ, ಆ ದೇಶದ ಚಳಿಯಲ್ಲಿ, ದಿನವೆಲ್ಲ ಕಾಲಾಡಿಸುತ್ತಿದ್ದವನ ಪಾಡನ್ನು ತಾವೇ ಊಹಿಸಿಕೊಳ್ಳಿ.

ಈಗ ಶಬ್ದದ ಕಡೆಗೆ ಬರೋಣ. ಹಳೆಯ ಇಂಗ್ಲಿಷಿನಲ್ಲಿ ‘ವೆಯಾಲ್ಕನ್’ ಎಂಬ ಕ್ರಿಯಾಪದವಿತ್ತು. ಹೊರಳು, ಉರುಳು, ಅತ್ತಿತ್ತ ತುಯ್ದಾಡು ಎಂದು ಅದರ ಅರ್ಥ. ಸಮುದ್ರದ ಅಲೆಗಳಿಗೂ ಅದು ಸಲ್ಲುತ್ತಿತ್ತು. ನೆಗೆ, ಕುಣಿ ಎಂಬರ್ಥದ ನಮ್ಮ ಸಂಸ್ಕೃತದ ‘ವಲ್ಗ್’ ಧಾತುವನ್ನು ವಿದ್ವಾಂಸರು ಇದರ ದಾಯಾದಿಯೆಂದು ಎಣಿಸುತ್ತಾರೆ. ಈ ಮೂಲದಿಂದ ಎರಡು ಕವಲುಗಳು ಹೊರಟವು. ಹೊರಳಿಸಿ ಒತ್ತುವುದು ಎಂಬ ಕವಲು ಬಟ್ಟೆ ತುಳಿಯುವವರ ಪಾಲಾಯಿತು. ಅತ್ತಿತ್ತ ಆಡುವುದು, ಅಲೆಯುವುದು ಎಂಬ ಕವಲು 13ನೆಯ ಶತಮಾನದ ಹೊತ್ತಿಗೆ ಕಾಲುನಡಿಗೆಯ ಅರ್ಥಕ್ಕೆ ಬಂದು ನಿಂತಿತು. ಜರ್ಮನ್ ಭಾಷೆಯಲ್ಲಿ ‘ವಾಲ್ಕೆನ್’ ಎಂದರೆ ಇಂದಿಗೂ ಉಣ್ಣೆಯನ್ನು ತುಳಿದು ಬಡಿದು ಹದಮಾಡುವುದೇ ಹೊರತು ನಡೆಯುವುದಲ್ಲ.

ಹಾಗಾದರೆ ಇಂಗ್ಲಿಷರು ಮೊದಲು ನಡಿಗೆಗೆ ಏನೆನ್ನುತ್ತಿದ್ದರು? ‘ಗೋ’ ಎನ್ನುತ್ತಿದ್ದರು. ಕುದುರೆಯೇರಿ ಹೋಗದೆ ಕಾಲಿನಲ್ಲಿ ಹೋಗುವುದಕ್ಕೆ ಆ ಮಾತು ಸಲ್ಲುತ್ತಿತ್ತು. 1678ರಲ್ಲಿ ಪ್ರಕಟವಾದ ಬನಿಯನ್ನನ ಯಾತ್ರಿಕನ ಕಥೆಯಲ್ಲಿಯೂ, ಓಡುವುದನ್ನು ಬಿಟ್ಟು ನಡೆಯತೊಡಗಿದ ಎನ್ನುವಲ್ಲಿ ‘ಗೋ’ ಶಬ್ದವೇ ಇದೆ. ಎಲ್ಲ ಬಗೆಯ ಹೋಗುವಿಕೆಗೂ ‘ಗೋ’ ಹಬ್ಬಿದಂತೆ, ಅದು ತೆರವು ಮಾಡಿದ ಜಾಗದಲ್ಲಿ ‘ವಾಕ್’ ಭದ್ರವಾಗಿ ಕುಳಿತಿತು.

ಬಟ್ಟೆ ತುಳಿಯುವವನಿಗೆ ಇಂಗ್ಲೆಂಡಿನಲ್ಲಿ ಮೂರು ಹೆಸರು. ಆಗ್ನೇಯ ಭಾಗದಲ್ಲಿ ಫುಲ್ಲರ್, ನೈಋತ್ಯದಲ್ಲಿ ಟಕ್ಕರ್, ಉತ್ತರದಲ್ಲಿಯೂ ಮಧ್ಯಭಾಗದಲ್ಲಿಯೂ ವಾಕರ್. ಒಬ್ಬ ಇಂಗ್ಲಿಷನ ಮನೆತನದ ಹೆಸರು ಇವುಗಳಲ್ಲಿ ಒಂದಾಗಿದ್ದರೆ, ಅವನ ಪೂರ್ವಿಕರ ಕಸುಬು ಮಾತ್ರವಲ್ಲ, ಅವರ ಸೀಮೆಯನ್ನೂ ಬಹುಮಟ್ಟಿಗೆ ಊಹಿಸಬಹುದು. 14ನೆಯ ಶತಮಾನದ ಕೊನೆಯಲ್ಲಿ ಬೈಬಲ್ಲನ್ನು ಇಂಗ್ಲಿಷಿಗೆ ತಂದ ವಿಕ್ಲಿಫ್ ಪಂಥದವರು ಬಟ್ಟೆ ಬೆಳ್ಳಗೆ ಮಾಡುವವನಿಗೆ ‘ವಾಕರ್’ ಎಂಬ ಮಾತನ್ನೂ ಬಳಸಿದ್ದಾರೆ.

ಅಷ್ಟರಲ್ಲಿ ಈ ಕಸುಬಿಗೆ ಒಂದು ಗಂಡಾಂತರ ಬಂದಿತ್ತು. 12ನೆಯ ಶತಮಾನದ ಕೊನೆಯ ವೇಳೆಗೆ ನೀರಿನ ಚಕ್ರದಿಂದ ಆಡುವ ಗಿರಣಿಗಳು ಇಂಗ್ಲೆಂಡಿನಲ್ಲಿ ತಲೆಯೆತ್ತಿದವು. ಯಾರ್ಕ್‌ಷೈರಿನಲ್ಲಿ ಅಂಥದೊಂದಿದ್ದುದು 1185ರ ದಾಖಲೆಯಲ್ಲಿಯೇ ಇದೆ. ಚಕ್ರ ತಿರುಗಿದಂತೆ ದೊಡ್ಡ ಮರದ ಕೊಡತಿಗಳು ಎದ್ದು ಎದ್ದು ತೊಟ್ಟಿಯಲ್ಲಿದ್ದ ಬಟ್ಟೆಯ ಮೇಲೆ ಬೀಳುತ್ತಿದ್ದವು. ಹಲವರ ಕಾಲು ಮಾಡುವ ಕೆಲಸವನ್ನು ಒಂದು ತೊರೆ ಮಾಡತೊಡಗಿತು. ಕಾರಸ್-ವಿಲ್ಸನ್ ಎಂಬ ಇತಿಹಾಸಜ್ಞೆ 1941ರಲ್ಲಿ ಬರೆದ ಹೆಸರಾಂತ ಲೇಖನದಲ್ಲಿ ಇದನ್ನು 13ನೆಯ ಶತಮಾನದ ಕೈಗಾರಿಕಾ ಕ್ರಾಂತಿಯೆಂದೇ ಕರೆದಿದ್ದಾರೆ. ಗಿರಣಿಗೆ ಹರಿಯುವ ನೀರು ಬೇಕು. ಆದ್ದರಿಂದ ಉದ್ಯಮವು ಪಟ್ಟಣಗಳನ್ನು ಬಿಟ್ಟು ಹೊಳೆಯಿರುವ ಹಳ್ಳಿಗಾಡಿಗೆ ಹೋಯಿತೆಂದು ಅವರ ವಾದ. ಬೇರೆ ಕಾರಣಗಳೂ ಇದ್ದವೆಂದು ಆಮೇಲಿನವರು ತಿದ್ದಿದ್ದಾರೆ. ಲಂಡನ್ ಪಟ್ಟಣದ ತುಳಿಯುವವರು ಮಾತ್ರ, ಬಟ್ಟೆಯನ್ನು ಊರಾಚೆಯ ಗಿರಣಿಗೆ ಕಳಿಸಬಾರದೆಂದು 13ನೆಯ ಶತಮಾನದ ಕೊನೆಯಲ್ಲಿಯೇ ಹಟ ಹಿಡಿದಿದ್ದರು. ಕಾಲು ಒಮ್ಮೆಗೇ ಸೋಲಲೂ ಇಲ್ಲ. 14ನೆಯ ಶತಮಾನದ ಕವಿ ಲ್ಯಾಂಗ್ಲೆಂಡನು, ಮಗ್ಗದಿಂದ ಬಂದ ಬಟ್ಟೆ ಕಾಲಿನಡಿಯಲ್ಲಾಗಲಿ ಗಿರಣಿಯ ಕೊಡತಿಯಡಿಯಲ್ಲಾಗಲಿ ಹದಗೊಳ್ಳದೆ ಉಡಲು ಬಾರದೆಂದು ಹೇಳುವಾಗ ಎರಡನ್ನೂ ಒಟ್ಟಿಗೆ ಹೆಸರಿಸುತ್ತಾನೆ. ಸ್ಕಾಟ್ಲೆಂಡಿನ ಹೆಬ್ರಿಡೀಸ್ ದ್ವೀಪಗಳಲ್ಲಂತೂ 20ನೆಯ ಶತಮಾನದವರೆಗೂ ಹೆಂಗಸರು ಹಲಗೆಯ ಸುತ್ತ ಕುಳಿತು, ಒದ್ದೆ ಬಟ್ಟೆಯನ್ನು ಬಡಿಯುತ್ತ, ಬಡಿತಕ್ಕೆ ಸರಿಯಾಗಿ ಹಾಡು ಹೇಳುತ್ತಿದ್ದರು. ನಮ್ಮ ಬೀಸುವ ಕಲ್ಲಿನ ಪದಗಳ ಸೋದರಿಯರು ಆ ಹಾಡುಗಳು.

ದುಡಿಮೆಯ ಗುರುತು ಈ ಶಬ್ದದ ಇತರ ಪ್ರಯೋಗಗಳಲ್ಲಿಯೂ ಉಳಿದಿದೆ. ‘ರೋಪ್‌ವಾಕ್’ ಎಂದರೆ ಹಗ್ಗ ಹೊಸೆಯುವ ನೀಳವಾದ ಕಟ್ಟಡ. ಹೊಸೆಯುವವನು ನಾರನ್ನು ಸೊಂಟಕ್ಕೆ ಸುತ್ತಿಕೊಂಡು, ಎಳೆ ಬಿಡುತ್ತ ಬಿಡುತ್ತ ಹಿಂದುಹಿಂದಕ್ಕೆ ನಡೆಯಬೇಕು. ಹಗ್ಗ ಎಷ್ಟು ಉದ್ದವೋ ಅದನ್ನೂ ಮೀರಿದ ನಡೆ ಬೇಕು. ಚಾಥಮ್ ಎಂಬಲ್ಲಿ ಹಡಗುಗಳಿಗಾಗಿ 18ನೆಯ ಶತಮಾನದ ಕೊನೆಯಲ್ಲಿ ಕಟ್ಟಿದ ಇಂಥ ಮನೆ 1,100 ಅಡಿಗೂ ಮಿಕ್ಕು ಉದ್ದವಾಗಿದೆ. ಕುರಿ ಮೇಯುವ ಬಯಲು ‘ಷೀಪ್‌ವಾಕ್’. ಅಂಚೆಯವನು ದಿನವೂ ಸುತ್ತುವ ಬೀದಿಗಳು ಅವನ ‘ವಾಕ್’. ಇಂಗ್ಲಿಷಿನಲ್ಲಿ ಒಬ್ಬನ ವೃತ್ತಿ ಅಂತಸ್ತುಗಳನ್ನು ಜೀವನದ ‘ವಾಕ್’ ಎನ್ನುವುದೂ ಉಂಟು. 1965ರಲ್ಲಿ ಲಿಯೊನೊವ್ ಆಕಾಶನೌಕೆಯಿಂದ ಹೊರಬಂದು ಹನ್ನೆರಡು ನಿಮಿಷ ತೇಲಿದಾಗ, ಕಾಲಿಡಲು ನೆಲವೇ ಇಲ್ಲದ ಆ ತೇಲಾಟಕ್ಕೂ ‘ವಾಕ್’ ಎಂದೇ ಹೆಸರಾಯಿತು.

ಒಂದು ಕಡೆ ಮಾತ್ರ ಈ ಶಬ್ದ ನಮ್ಮ ‘ನಡೆ’ಯ ಪಕ್ಕಕ್ಕೆ ಬಂದು ನಿಲ್ಲುತ್ತದೆ. 1611ರ ಇಂಗ್ಲಿಷ್ ಬೈಬಲ್ಲಿನಲ್ಲಿ ‘ವಾಕ್’ ಎಂದರೆ ಎಷ್ಟೋ ಕಡೆ ಬಾಳುವುದು, ನಡೆದುಕೊಳ್ಳುವುದು ಎಂದರ್ಥ. ಮೂಲದ ಹೀಬ್ರೂ ಭಾಷೆಯ ‘ಹಾಲಖ್’ ಎಂಬ ನಡಿಗೆಯ ಮಾತೇ ಅದಕ್ಕೆ ಕಾರಣ. ಯೆಹೂದ್ಯರ ಧರ್ಮವಿಧಿಗೆ ‘ಹಲಾಖಾ’ ಎಂಬ ಹೆಸರೂ ಅದರಿಂದಲೇ ಹುಟ್ಟಿದ್ದು. ನಮ್ಮಲ್ಲಿ ನಡೆಯಿಂದ ನಡತೆ, ನಡವಳಿಕೆ ಹುಟ್ಟಿದಂತೆ! ಆದರೆ ನಮ್ಮ ‘ನಡೆ’ಯ ಹರವು ಇನ್ನೂ ದೊಡ್ಡದು. ನಮ್ಮಲ್ಲಿ ಮದುವೆ ನಡೆಯುತ್ತದೆ, ಮೊಕದ್ದಮೆ ನಡೆಯುತ್ತದೆ, ಅಂಗಡಿಯೂ ನಡೆಯುತ್ತದೆ. ಇಂಗ್ಲಿಷರ ಅಂಗಡಿ ಪಾಪ, ಓಡಬೇಕು.

ಇಷ್ಟನ್ನೂ ಗುರುತು ಮಾಡಿಕೊಂಡು ಮುಂದಿನ ವಾರ ಅದೇ ತರಗತಿಗೆ ಕೇಳಿ ಹೋದೆ. ಅಂದು ನಾನು ಆಡಿದ್ದು ತಪ್ಪೆಂದು ಮೊದಲು ಒಪ್ಪಿಕೊಂಡೆ. ಆಮೇಲೆ ವಾಕರನ ತೊಟ್ಟಿ, ಗಿರಣಿಯ ಕೊಡತಿ ಎಲ್ಲವನ್ನೂ ವಿವರಿಸಿದೆ. ಆ ಹುಡುಗ ಮತ್ತೆ ಎದ್ದುನಿಂತ. ಅವನ ತಂದೆ ಕೈಮಗ್ಗದವರೆಂಬುದು ನನಗೆ ಆಗ ನೆನಪಾಯಿತು. “ಗಿರಣಿ ಬಂದ ಮೇಲೆ ವಾಕರ್ ಎಲ್ಲಿಗೆ ಹೋದ, ಸಾರ್?” ಎಂದ.

ಈ ಸಲ ಯಾರೂ ನಗಲಿಲ್ಲ. “ಗಿರಣಿಗೂ ಜನರು ‘ವಾಕ್ ಮಿಲ್’ ಎಂದೇ ಕರೆದರಪ್ಪ. ಅದನ್ನು ನೋಡಿಕೊಳ್ಳುವವನಿಗೂ ವಾಕರ್ ಎಂಬ ಹೆಸರೇ ನಡೆಯಿತು. ಆದರೆ ಹಲವು ಕಾಲುಗಳಿದ್ದಲ್ಲಿ ಗಿರಣಿಗೆ ಒಬ್ಬಿಬ್ಬರೇ ಸಾಕು. ಉಳಿದವರು ಬೇರೆ ಕೆಲಸ ಹುಡುಕಬೇಕಾಯಿತು” ಎಂದೆ.

ಹುಡುಗ ಸ್ವಲ್ಪ ಹೊತ್ತು ನಿಂತೇ ಇದ್ದು, ಆಮೇಲೆ ಕುಳಿತ. ಗಂಟೆ ಬಾರಿಸಿತು. ವಾಚಕರೇ, ‘ವಾಕ್’ ಎಂದರೆ ‘ನಡೆ’ ಎಂದು ಮಕ್ಕಳಿಗೆ ನಾನು ಈಗಲೂ ಹೇಳಿಕೊಡುತ್ತೇನೆ. ಯಾರಾದರೂ ಮತ್ತೇನಾದರೂ ಕೇಳಿದರೆ, ಉತ್ತರಕ್ಕೆ ಒಂದು ದಿನದ ಅವಧಿ ಬೇಡುತ್ತೇನೆ.