ಷೆಲ್ ಸ್ಕ್ರಿಪ್ಟುಗಳಲ್ಲಿ 'ಎಕ್ಸ್‌ಪೋರ್ಟ್' ನಿಷೇಧದ ಪೂರ್ವೋತ್ತರ

ಗಣಕಯಂತ್ರಕ್ಕೆ ಕೊಡಬೇಕಾದ ಆಜ್ಞೆಗಳನ್ನು ಸಾಲಾಗಿ ಬರೆದಿಟ್ಟ ಕಡತವೇ ಷೆಲ್ ಸ್ಕ್ರಿಪ್ಟ್. ಅದನ್ನು ಓದಿ ನಡೆಸುವ ತಂತ್ರಾಂಶವೇ ಷೆಲ್. ಷೆಲ್‌ಗಳು ಹಲವು, ಒಂದು ಒಪ್ಪುವ ವಾಕ್ಯವನ್ನು ಇನ್ನೊಂದು ಒಪ್ಪದಿರುವುದುಂಟು. ಆದುದರಿಂದ ದೊಡ್ಡ ತಂತ್ರಾಂಶಗಳಲ್ಲಿ, ಎಲ್ಲೆಡೆ ನಡೆಯದ ಪ್ರಯೋಗಗಳನ್ನು ಹುಡುಕಿ ತಡೆಯುವ ತಪಾಸಣೆಗಳನ್ನು ಇಟ್ಟಿರುತ್ತಾರೆ. ವೇರಿಯಬಲ್ಲಿಗೆ ಬೆಲೆ ಕೊಡುವುದನ್ನೂ, ಸ್ಕ್ರಿಪ್ಟು ಕರೆಯುವ ಇತರ ತಂತ್ರಾಂಶಗಳಿಗೆ ಆ ಬೆಲೆ ದೊರೆಯುವಂತೆ 'ಎಕ್ಸ್‌ಪೋರ್ಟ್' ಮಾಡುವುದನ್ನೂ ಒಂದೇ ವಾಕ್ಯದಲ್ಲಿ ಬರೆಯಬಾರದೆಂದು ಗಿಟ್‌ನ ಇಂಥ ತಪಾಸಣೆಯೊಂದು ಬಹುಕಾಲ ವಿಧಿಸುತ್ತಿತ್ತು. ಈ ನಿಷೇಧವನ್ನು ಕೈಬಿಡಬಹುದೇ ಎಂಬುದನ್ನು ಇಲ್ಲಿ ವಿಚಾರಿಸುತ್ತೇವೆ.

ಇದರ ಮೂಲ 1979ರ ಏಳನೆಯ ಯೂನಿಕ್ಸ್ ಆವೃತ್ತಿಯೊಡನೆ ಬಂದ ಸ್ಟೀಫನ್ ಬೋರ್ನ್ ಅವರ ಷೆಲ್‌ನಲ್ಲಿದೆ. ಅದರಲ್ಲಿ 'ಎಕ್ಸ್‌ಪೋರ್ಟ್' ಆಜ್ಞೆ ಹೆಸರುಗಳನ್ನು ಮಾತ್ರ ಸ್ವೀಕರಿಸುತ್ತಿತ್ತು. 1992ರ ಪಾಸಿಕ್ಸ್ ಪ್ರಮಾಣವು ಎರಡನ್ನೂ ಕೂಡಿಸಿ ಬರೆಯಲು ಅವಕಾಶವಿತ್ತಿತು. ಆದರೆ ಪ್ರಮಾಣ ಹೊರಟೊಡನೆ ಯಂತ್ರಗಳು ಬದಲಾಗುವುದಿಲ್ಲ. ಗಿಟ್ ಹುಟ್ಟಿದ 2005ರಲ್ಲಿಯೇ ಹೊರಬಂದ ಸೋಲಾರಿಸ್ 10ರಲ್ಲಿ ಸಾಮಾನ್ಯ ಷೆಲ್ಲಾಗಿದ್ದುದು ಹಳೆಯ ಬೋರ್ನ್ ಷೆಲ್ಲೇ. 2011ರ ಸೋಲಾರಿಸ್ 11ರಲ್ಲಿ ಆ ಸ್ಥಾನಕ್ಕೆ ಕಾರ್ನ್ ಷೆಲ್ ಬಂದಿತು.

ಇಷ್ಟರಿಂದಲೇ ನಿಷೇಧ ನಿರರ್ಥಕವಾಯಿತೆಂದು ತೀರ್ಮಾನಿಸುವುದು ಅವಸರವಾದೀತು. ಉಬುಂಟು 2006ರಲ್ಲಿ ತನ್ನ ಸಾಮಾನ್ಯ ಷೆಲ್ಲಾಗಿ ಡ್ಯಾಶ್ ಎಂಬುದನ್ನು ಅಂಗೀಕರಿಸಿತು. ಅದರ ಹಳೆಯ ಆವೃತ್ತಿಗಳು ಕೂಡಿಸಿ ಬರೆದ ವಾಕ್ಯವನ್ನು ಒಪ್ಪುತ್ತಿದ್ದುವು. ಆದರೆ ಕೊಡಬೇಕಾದ ಬೆಲೆ ಇನ್ನೊಂದು ವೇರಿಯಬಲ್ಲಿನಿಂದ ಬಂದು, ಅದರ ನಡುವೆ ತೆರಪಿದ್ದರೆ, ಅದನ್ನು ತುಂಡರಿಸುತ್ತಿದ್ದುವು. ಮೊದಲ ಪದ ಮಾತ್ರ ಬೆಲೆಯಾಗಿ ನಿಲ್ಲುತ್ತಿತ್ತು. ಎರಡನೆಯದು ಬೇರೊಂದು ವೇರಿಯಬಲ್ಲಿನ ಹೆಸರೆಂದು ಪರಿಗಣಿತವಾಗುತ್ತಿತ್ತು. ಹಲವು ವೇಳೆ ದೋಷಸೂಚನೆಯೂ ಇರುತ್ತಿರಲಿಲ್ಲ. ಬಿಡಿಸಿ ಬರೆದಲ್ಲಿ ಈ ತೊಡಕಿಲ್ಲ. ಬೋರ್ನ್ ಷೆಲ್‌ಗಾಗಿ ಹುಟ್ಟಿದ ನಿಯಮ, ತಾನರಿಯದೆಯೇ, ಡ್ಯಾಶ್‌ನ ಬಳಕೆದಾರರನ್ನೂ ಕಾಯುತ್ತಿತ್ತು. ತಪಾಸಣೆಯ ಎಚ್ಚರಿಕೆಯಲ್ಲಾದರೋ 'ಇದು ಎಲ್ಲೆಡೆ ನಡೆಯದು' ಎಂಬ ಅರ್ಥದ ಮಾತಿತ್ತು. ಯಾವ ಷೆಲ್‌ನಲ್ಲಿ ನಡೆಯದೆಂಬುದನ್ನೂ ಸೇರಿಸಿದ್ದರೆ ನಮ್ಮ ಶ್ರಮ ಎಷ್ಟೋ ಕಡಿಮೆಯಾಗುತ್ತಿತ್ತು.

ಆದಕಾರಣ ಇಲ್ಲಿ ಕೈಬಿಡತಕ್ಕದ್ದು ನಿಷೇಧದ ಅರ್ಧಭಾಗ ಮಾತ್ರ. ಕೂಡಿಸಿ ಬರೆಯಲು ಅಡ್ಡಿಯಿಲ್ಲ; ಬೆಲೆಯನ್ನು ಮಾತ್ರ ಉದ್ಧರಣ ಚಿಹ್ನೆಗಳೊಳಗೆ ಇಡಬೇಕು. ಹೀಗೆ ತುಂಡರಿಸಕೂಡದೆಂದು 2024ರ ಪಾಸಿಕ್ಸ್ ಸ್ಪಷ್ಟವಾಗಿ ವಿಧಿಸಿದೆ. ಆದರೂ ಹಳೆಯ ಡ್ಯಾಶ್ ನಡೆಯುತ್ತಿರುವ ಯಂತ್ರಗಳಲ್ಲಿ ಆ ಚಿಹ್ನೆಗಳನ್ನು ಬಿಡುವಂತಿಲ್ಲ.